ಬೆಕ್ಕಿನ ಬಾಣಂತನ: ಹಾಲಿನ ಬಟ್ಟಲು ಸ್ವಲ್ಪ ಪಕ್ಕಕ್ಕಿಡಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಬಾಣಂತನ ಮಾಡುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಅಂಟಿನ ಉಂಡಿ, ಅಳವಿ ಪಾಯಸ, ಎಣ್ಣೆ ಹಚ್ಚಿ ಬಿಸಿನೀರು, ಆಮೇಲೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಹಾಕಿ ಹೊಗೆ. ಹೀಗಾಗಿ ಮನೆಯ ಬೆಕ್ಕು ಮರಿ ಹಾಕಿದಾಗಲೂ ನಮ್ಮ ಕೈ ಸುಮ್ಮನೆ ಕೂರುವುದಿಲ್ಲ. "ಪಾಪ, ಬಾಣಂತಿ ಐತಿ, ಒಂದೀಟು ಹಾಲು ಹಾಕವ್ವಾ" ಎಂದು ಓಣಿಯ ಹಿರಿಯರೊಬ್ಬರು ಹೇಳುತ್ತಾರೆ, ಬಟ್ಟಲು ತುಂಬ ಹಾಲು ಬರುತ್ತದೆ, ಅದಕ್ಕೆ ರೊಟ್ಟಿ ಚೂರು ಬೀಳುತ್ತದೆ, ಅಲ್ಲಿಗೆ ಬೆಕ್ಕಿನ ಬಾಣಂತನ ಮುಗಿಯಿತು ಎಂದು ಎಲ್ಲರಿಗೂ ಸಮಾಧಾನ.

ಪ್ರೀತಿಯಲ್ಲಿ ತಪ್ಪೇನೂ ಇಲ್ಲ. ಆದರೆ ಬೆಕ್ಕಿನ ದೇಹವೇ ಬೇರೆ. ಹೆರಿಗೆ, ಸ್ವಚ್ಛತೆ, ಮರಿಗಳ ಆರೈಕೆ ಎಲ್ಲವನ್ನೂ ಅದು ನಮಗಿಂತ ಚೆನ್ನಾಗಿ ಮಾಡಿಕೊಳ್ಳುತ್ತದೆ. ಅದರ ಕೈಲಾಗದ್ದು ಎರಡೇ. ಮರಿಗಳನ್ನು ಬಿಟ್ಟು ಬೇಟೆಗೆ ಹೋಗಿ ತನಗೆ ಸಾಕಾಗುವಷ್ಟು ಊಟ ತರುವುದು, ಮತ್ತು ಮೈಯೊಳಗೆ ಏನಾದರೂ ಕೆಟ್ಟರೆ ಬಾಯಿಬಿಟ್ಟು ಹೇಳುವುದು. ನಮ್ಮ ಪಾಲಿನ ಕೆಲಸ ಅಷ್ಟೇ. ಸರಿಯಾದ ಊಟ ಹಾಕಬೇಕು, ದೂರದಿಂದ ಕಣ್ಣಿಡಬೇಕು.

ಮೊದಲು ಹೆರಿಗೆಯ ದಿನದ ಮಾತು. ಬೆಕ್ಕು ಸುಮಾರು 63ರಿಂದ 65 ದಿನ ಗರ್ಭ ಹೊರುತ್ತದೆ. ಮರಿ ಬಂದ ಕೂಡಲೇ ತಾಯಿ ಅದರ ಮೇಲಿನ ಪೊರೆ ಹರಿದು, ನೆಕ್ಕಿ, ಹೊಕ್ಕುಳಬಳ್ಳಿ ಕಡಿಯುತ್ತದೆ. ಮರಿಯ ಹಿಂದೆಯೇ ಮಾಸು ಬೀಳುತ್ತದೆ, ಅದನ್ನು ತಿಂದುಬಿಡುತ್ತದೆ. ನೋಡಿದವರಿಗೆ ಅಸಹ್ಯ ಅನಿಸಬಹುದು, ಕಿತ್ತುಕೊಳ್ಳಲು ಹೋಗಬೇಡಿ. ಕಾಡಿನಲ್ಲಿದ್ದ ಕಾಲದ ಅಭ್ಯಾಸ ಅದು. ವಾಸನೆ ಉಳಿದರೆ ಬೇರೆ ಪ್ರಾಣಿ ಬರುತ್ತದೆ, ಅಲ್ವಾ? ಎಲ್ಲ ಮಾಸನ್ನೂ ತಿಂದರೆ ಒಂದೆರಡು ಸಲ ವಾಂತಿ ಅಥವಾ ಭೇದಿ ಆದೀತು, ಅಷ್ಟೇ. ಸಾಧ್ಯವಾದರೆ ದೂರದಿಂದಲೇ ಲೆಕ್ಕ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಎಷ್ಟು ಮರಿಯೋ ಅಷ್ಟು ಮಾಸು. ಒಂದು ಒಳಗೇ ಉಳಿದರೆ ಮುಂದೆ ಗರ್ಭಕೋಶಕ್ಕೆ ಸೋಂಕು ತಗಲಬಹುದು. ಬಹಳ ಸಲ ರಾತ್ರಿ ಕತ್ತಲೆಯಲ್ಲಿ ಎಲ್ಲ ಮುಗಿದಿರುತ್ತದೆ, ಲೆಕ್ಕ ಸಿಗುವುದಿಲ್ಲ. ಆಗ ಮುಂದಿನ ದಿನಗಳಲ್ಲಿ ಸ್ವಲ್ಪ ಜಾಸ್ತಿ ಎಚ್ಚರದಿಂದಿದ್ದರೆ ಸಾಕು.

ಎರಡು ಮರಿಗಳ ನಡುವೆ ಬೆಕ್ಕು ವಿಶ್ರಾಂತಿ ತೆಗೆದುಕೊಳ್ಳುವುದುಂಟು, ಅದಕ್ಕೆ ಗಾಬರಿ ಬೇಡ. ಆದರೆ ಅರ್ಧ ಗಂಟೆ ಜೋರಾಗಿ ತಿಣುಕುತ್ತಿದ್ದರೂ ಮರಿ ಬರದಿದ್ದರೆ, ಅಥವಾ ಮರಿ ಅರ್ಧ ಹೊರಬಂದು ಸಿಕ್ಕಿಕೊಂಡರೆ, ಕಾಯುವ ಮಾತೇ ಇಲ್ಲ. ಡಾಕ್ಟರ ಹತ್ತಿರ ಹೋಗಬೇಕು.

ಹುಟ್ಟಿದ ಮೇಲಿನ ಮೊದಲ ದಿನದ ಹಾಲು ಗಿಣ್ಣದ ಹಾಲು. ಆಕಳದ್ದಾದರೆ ನಾವು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿ ತಿನ್ನುತ್ತೇವೆ, ಬೆಕ್ಕಿನ ಮರಿಗೆ ಅದೇ ಮೊದಲ ಲಸಿಕೆ ಇದ್ದ ಹಾಗೆ. ತಾಯಿಯ ಮೈಯಲ್ಲಿರುವ ರೋಗ ತಡೆಯುವ ಶಕ್ತಿ ಅದರ ಮೂಲಕವೇ ಮರಿಗೆ ಬರುತ್ತದೆ. ಮರಿಯ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದು ಹುಟ್ಟಿದ ಮೊದಲ ದಿನದೊಳಗೆ ಮಾತ್ರ, ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಅದಕ್ಕೇ ಮೊದಲ ದಿನ ಮಕ್ಕಳು, ನೆಂಟರು, ಪಕ್ಕದ ಮನೆಯವರು ಎಲ್ಲರೂ ಸಾಲಾಗಿ ಬಂದು ಮರಿ ಎತ್ತಿ ಫೋಟೊ ತೆಗೆಯುವುದನ್ನು ನಿಲ್ಲಿಸಿ. ಮರಿಗಳು ಮೊಲೆಗೆ ಅಂಟಿಕೊಂಡು ಮಲಗಿರಲಿ.

ಜಾಗದ ವಿಷಯಕ್ಕೆ ಬರೋಣ. ಬೆಕ್ಕು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಎಲ್ಲರೂ ಕೇಳಿದ್ದೇ. ಏಳೇ ಎಂಬ ಲೆಕ್ಕವೇನೂ ಅದಕ್ಕಿಲ್ಲ. ಬೆಳಕು ಜಾಸ್ತಿಯಾದರೆ, ಜನ ಜಾಸ್ತಿಯಾದರೆ, ಗಂಡು ಬೆಕ್ಕಿನ ಸುಳಿವು ಸಿಕ್ಕರೆ, ಮಲಗಿದ ಜಾಗ ಗಲೀಜಾದರೆ ಅದು ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಹೊರಡುತ್ತದೆ. ಅಂದರೆ ಪದೇ ಪದೇ ಜಾಗ ಬದಲಿಸುತ್ತಿದ್ದರೆ ಅದಕ್ಕೆ ಅಲ್ಲಿ ನೆಮ್ಮದಿ ಇಲ್ಲ ಎಂದೇ ತಿಳಿಯಬೇಕು. ಮನುಷ್ಯರ ಕೈ ವಾಸನೆ ಬಂದರೆ ತಾಯಿ ಮರಿಯನ್ನು ಬಿಟ್ಟೇಬಿಡುತ್ತದೆ ಎಂಬುದು ಮನೆ ಬೆಕ್ಕಿನ ಮಟ್ಟಿಗೆ ನಿಜವಲ್ಲ. ಕಾಟ ಕೊಟ್ಟರೆ ಜಾಗ ಬದಲಿಸುತ್ತದೆ ಎಂಬುದು ನಿಜ.

ಒಂದು ಖಾಲಿ ರಟ್ಟಿನ ಡಬ್ಬ, ಒಳಗೆ ಹಳೆಯ ಕೌದಿ ಅಥವಾ ಹತ್ತಿಯ ಸೀರೆ, ಮನೆಯ ಓಡಾಟ ಕಡಿಮೆ ಇರುವ ಮೂಲೆ. ಇಷ್ಟು ಸಾಕು. ಎಳೆ ಎಳೆಯಾಗಿ ಬಿಡುವ ಬಟ್ಟೆ ಬೇಡ, ಮರಿಯ ಕಾಲಿಗೆ ದಾರ ಸುತ್ತಿಕೊಳ್ಳುತ್ತದೆ. ಬಟ್ಟೆಯನ್ನು ದಿನ ಬಿಟ್ಟು ದಿನ ಬದಲಿಸಿ, ಬೆಕ್ಕು ಊಟಕ್ಕೆ ಎದ್ದು ಹೋದಾಗ. ನೆಲ ಒರೆಸಲು ಫಿನೈಲ್, ಡೆಟಾಲ್ ಬಳಸಬೇಡಿ. ಆ ಜಾತಿಯ ರಾಸಾಯನಿಕವನ್ನು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ನೆಲದ ಮೇಲಿನದು ಕಾಲಿಗೆ ಅಂಟುತ್ತದೆ, ಕಾಲು ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಸೋಪಿನ ನೀರು, ಆಮೇಲೆ ಬರೀ ಬಿಸಿನೀರು, ಚೆನ್ನಾಗಿ ಒಣಗಿಸುವುದು, ಇದೇ ಸರಿ. ಇನ್ನು ಹೊಗೆ, ಎಣ್ಣೆ, ಸ್ನಾನ ಯಾವುದೂ ಬೇಡ. ಸ್ನಾನ ಮಾಡಿಸಿದರೆ ತಾಯಿಗೆ ಥಂಡಿ, ಎಣ್ಣೆ ಹಚ್ಚಿದರೆ ಮರಿಗಳ ಬಾಯಿಗೆ ಎಣ್ಣೆ, ಹೊಗೆ ಹಾಕಿದರೆ ಎಲ್ಲರಿಗೂ ಕೆಮ್ಮು.

ಬ್ಯಾಡಗಿ ಕಡೆಯವರು ಇನ್ನೊಂದು ಗಮನಿಸಿ. ಬೆಕ್ಕಿಗೆ ಚೀಲದ ರಾಶಿ ಅಂದರೆ ಬಹಳ ಇಷ್ಟ, ಬೆಚ್ಚಗೆ, ಕತ್ತಲೆ, ಇಲಿ ಬೇರೆ ಸಿಗುತ್ತದೆ. ಆದರೆ ಮೆಣಸಿನಕಾಯಿ ಚೀಲದ ಧೂಳು ನಮಗೇ ಸೀನು ತರಿಸುತ್ತದೆ, ಕಣ್ಣೂ ಬಿಡದ ಮರಿಗಳ ಗತಿ ಏನು? ಗೋಡೌನಿನಲ್ಲಿ ಮರಿ ಹಾಕಿದ್ದರೆ ಪಕ್ಕದಲ್ಲೇ ಒಂದು ಡಬ್ಬ ಇಟ್ಟು, ಮರಿಗಳನ್ನು ಅದರಲ್ಲಿ ಹಾಕಿ, ತಾಯಿಗೆ ತೋರಿಸಿ ಸ್ವಲ್ಪ ಸ್ವಲ್ಪವೇ ಸರಿಸಬೇಕು. ಒಂದೇ ಸಲ ದೂರ ಒಯ್ದರೆ ಅದು ವಾಪಸ್ ಅಲ್ಲಿಗೇ ತರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ಬೇಡ, ಮಳೆಗಾಲದಲ್ಲಿ ತೇವದ ಗೋಡೆಯ ಪಕ್ಕ ಬೇಡ. ಡಿಸೆಂಬರ್ ಚಳಿಯಲ್ಲಿ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಡಬ್ಬದ ಒಂದು ಬದಿಗೆ ಇಡಿ. ಎಳೆಯ ಮರಿಗಳಿಗೆ ತಮ್ಮ ಮೈ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ, ಅವು ಬೆಚ್ಚಗಿಲ್ಲದಿದ್ದರೆ ತಾಯಿ ಊಟಕ್ಕೂ ಏಳುವುದಿಲ್ಲ. ಇರುವೆಗಳ ಮೇಲೂ ಕಣ್ಣಿರಲಿ, ಕೆಂಪಿರುವೆ ಹತ್ತಿದರೆ ಮರಿ ಉಳಿಯುವುದು ಕಷ್ಟ.

ಈಗ ಊಟ. ತಾಯಿ ಬೆಕ್ಕಿನ ಆರೋಗ್ಯದಲ್ಲಿ ಮುಕ್ಕಾಲು ಪಾಲು ಇರುವುದು ಇಲ್ಲೇ, ನಾವು ಎಡವುವುದೂ ಇಲ್ಲೇ.

3 ಕೆಜಿ ತೂಗುವ ಬೆಕ್ಕಿಗೆ ಮಾಮೂಲಿ ದಿನಗಳಲ್ಲಿ 200 ಕ್ಯಾಲೊರಿಯ ಆಸುಪಾಸು ಊಟ ಸಾಕು. ನಾಲ್ಕು ಮರಿಗೆ ಹಾಲೂಡಿಸುವಾಗ ಅದು ಎರಡು ಮೂರು ಪಟ್ಟಾಗುತ್ತದೆ, ಮರಿ ಜಾಸ್ತಿ ಇದ್ದರೆ ಇನ್ನೂ ಮೇಲೆ. ಈ ಹಸಿವು ಹೆರಿಗೆಯಾದ ಕೂಡಲೇ ತುದಿ ಮುಟ್ಟುವುದಿಲ್ಲ. ಮರಿಗಳು ಬೆಳೆದಂತೆ ಏರುತ್ತಾ ಹೋಗಿ, ಮೂರು ನಾಲ್ಕನೇ ವಾರದ ಹೊತ್ತಿಗೆ ಜೋರಾಗುತ್ತದೆ. ತಮಾಷೆ ಎಂದರೆ ನಮ್ಮ ಉತ್ಸಾಹ ಮೊದಲ ವಾರ ಜಾಸ್ತಿ ಇರುತ್ತದೆ, ಆಮೇಲೆ ಇಳಿಯುತ್ತದೆ. ಅದರ ಹಸಿವು ಏರುವ ಹೊತ್ತಿಗೆ ನಮ್ಮ ಬಟ್ಟಲು ಸಣ್ಣದಾಗಿರುತ್ತದೆ. ಬೆನ್ನುಮೂಳೆ ಕೈಗೆ ಚುಚ್ಚುವಂತೆ ಸೊರಗಿದ ತಾಯಿ ಬೆಕ್ಕುಗಳನ್ನು ನಾವು ನೋಡುವುದು ಈ ಹೊತ್ತಿನಲ್ಲೇ.

ಹಾಗಾದರೆ ಹಾಲು ಯಾಕೆ ಬೇಡ? ಹಾಲು ಕೊಡಬೇಕಾದರೆ ಹಾಲು ಕುಡಿಯಬೇಕು ಎಂಬ ಲೆಕ್ಕ ಕೇಳಲು ಚೆಂದ. ಎಮ್ಮೆ ಹುಲ್ಲು ತಿಂದು ಹಾಲು ಕೊಡುವುದಿಲ್ಲವೇ? ದೊಡ್ಡ ಬೆಕ್ಕುಗಳ ಹೊಟ್ಟೆಯಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ರಸ ಕಡಿಮೆಯಾಗಿರುತ್ತದೆ. ಜಾಸ್ತಿ ಕುಡಿದರೆ ಭೇದಿ. ಭೇದಿಯಾದರೆ ಮೈಯ ನೀರು ಹೋಗುತ್ತದೆ, ನೀರು ಹೋದರೆ ಮೊಲೆಹಾಲೂ ಕಡಿಮೆ. ಅದರ ಮೇಲೆ ಎಮ್ಮೆ ಹಾಲಿನ ಜಿಡ್ಡು ಬೇರೆ. ಧಾರವಾಡ ಪೇಡೆಗೆ ಅದು ಸರಿ, ಬಾಣಂತಿ ಬೆಕ್ಕಿಗೆ ಅಲ್ಲ. ಕೆಲವು ಬೆಕ್ಕಿಗೆ ಹಾಲು ತಡೆಯುತ್ತದೆ, ಅಂಥದ್ದಕ್ಕೆ ನಾಲ್ಕು ಚಮಚ ನೀರು ಬೆರೆಸಿದ ಹಾಲು ಕೊಟ್ಟರೆ ತಪ್ಪಿಲ್ಲ. ತೊಂದರೆ ಬರುವುದು ಹಾಲೇ ಊಟವಾದಾಗ. ಹಾಲು-ರೊಟ್ಟಿ, ಹಾಲು-ಅನ್ನ ತಿಂದು ಹೊಟ್ಟೆ ತುಂಬುತ್ತದೆ, ಬೇಕಾದ್ದು ಸಿಗುವುದಿಲ್ಲ.

ಬೇಕಾದ್ದು ಏನು? ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ, ರೂಢಿಯಿಂದ ಆದದ್ದಲ್ಲ. ಟಾರಿನ್ ಎಂಬ ಒಂದು ಅಂಶ ಅದಕ್ಕೆ ಬೇಕೇ ಬೇಕು, ನಮ್ಮ ಹಾಗೆ ಅದನ್ನು ಮೈಯೊಳಗೆ ಸಾಕಷ್ಟು ತಯಾರಿಸಿಕೊಳ್ಳಲು ಬೆಕ್ಕಿಗೆ ಬರುವುದಿಲ್ಲ. ಮಾಂಸ, ಮೀನಿನಲ್ಲಿ ಅದು ಇದೆ, ಜೋಳ ಅಕ್ಕಿ ಬೇಳೆಯಲ್ಲಿ ಇಲ್ಲ. ತುಂಬಾ ದಿನ ಸಿಗದಿದ್ದರೆ ಕಣ್ಣು ಮಂದವಾಗುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ವಿಟಮಿನ್ ಎ ಕೂಡ ಹಾಗೆಯೇ. ಗಜ್ಜರಿ ತಿಂದು ನಾವು ಅದನ್ನು ಮಾಡಿಕೊಳ್ಳುತ್ತೇವೆ, ಬೆಕ್ಕಿಗೆ ಆಗುವುದಿಲ್ಲ. ಅದಕ್ಕೆ ಸಿದ್ಧ ರೂಪದಲ್ಲಿ ಪ್ರಾಣಿಯಿಂದಲೇ ಬರಬೇಕು.

ನಮ್ಮ ಭಾಗದಲ್ಲಿ ಮಾಂಸ ಮನೆಯೊಳಗೆ ಬಾರದ ಮನೆಗಳು ಬಹಳ ಇವೆ. ಅಂಥವರಿಗೆ ನನ್ನ ಸಲಹೆ ನೇರ: ಒಳ್ಳೆಯ ಕಂಪನಿಯ ಮರಿ ಬೆಕ್ಕಿನ ಆಹಾರ, ಅಂಗಡಿಯಲ್ಲಿ 'ಕಿಟನ್' ಎಂದು ಕೇಳಿದರೆ ಕೊಡುತ್ತಾರೆ, ಅದನ್ನು ತಂದು ತಾಯಿಗೂ ಹಾಕಿ. ಮರಿಗಳದ್ದು ತಾಯಿಗೆ ಯಾಕೆ ಎಂದರೆ ಅದರಲ್ಲಿ ಪ್ರೋಟೀನ್, ಕೊಬ್ಬು, ಕ್ಯಾಲ್ಸಿಯಂ ಎಲ್ಲವೂ ದೊಡ್ಡ ಬೆಕ್ಕಿನ ಆಹಾರಕ್ಕಿಂತ ಜಾಸ್ತಿ ಇರುತ್ತದೆ, ಹಾಲೂಡಿಸುವ ತಾಯಿಗೆ ಬೇಕಾದದ್ದೂ ಅದೇ. ಒಣ ಕಾಳಿನಂಥ ಆಹಾರದಲ್ಲಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿಯಷ್ಟು ಇರುತ್ತದೆ. ಅಂದರೆ ದಿನಕ್ಕೆ 100ರಿಂದ 150 ಗ್ರಾಂ. ಒಮ್ಮೆಗೇ ಸುರಿಯುವ ಬದಲು ಬಟ್ಟಲು ಖಾಲಿಯಾಗದಂತೆ ನೋಡಿಕೊಳ್ಳಿ. ಈ ಸಮಯದಲ್ಲಿ ಅದು ಹಗಲು ರಾತ್ರಿ ಎನ್ನದೆ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರುತ್ತದೆ. ಖರ್ಚು ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎರಡು ತಿಂಗಳ ಮಾತು.

ಮೊಟ್ಟೆ ನಡೆಯುವ ಮನೆಯಾದರೆ ಬೇಯಿಸಿದ ಮೊಟ್ಟೆ ಬಹಳ ಒಳ್ಳೆಯದು, ಒಂದರಲ್ಲಿ 70-75 ಕ್ಯಾಲೊರಿ. ಹಸಿ ಮೊಟ್ಟೆ ಬೇಡ, ಅದರ ಬಿಳಿಭಾಗ ಬಯೋಟಿನ್ ಎಂಬ ವಿಟಮಿನ್ನನ್ನು ಕಟ್ಟಿಹಾಕುತ್ತದೆ. ಚಿಕನ್ ಆದರೆ ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸಿ, ಎಲುಬು ತೆಗೆದು ಕೊಡಿ. ಬೆಂದ ಎಲುಬು ಸೀಳಿ ಗಂಟಲಿಗೆ ಚುಚ್ಚುತ್ತದೆ. ಚಿಕನ್ ಅಂಗಡಿಯಲ್ಲಿ ಹೃದಯ, ಗಿಜರ್ಡ್ ಅಗ್ಗಕ್ಕೆ ಸಿಗುತ್ತವೆ, ಹೃದಯದಲ್ಲಿ ಟಾರಿನ್ ಚೆನ್ನಾಗಿದೆ. ಲಿವರ್ ಮಾತ್ರ ದಿನಾ ಬೇಡ, ವಾರಕ್ಕೆ ಒಂದೆರಡು ತುಂಡು ಸಾಕು. ನಮ್ಮ ಊಟದ ಉಳಿದ ಸಾರು ಹಾಕುವವರು ಇದನ್ನು ತಪ್ಪದೆ ಓದಿ: ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಬಾಣಂತಿಗೆ ಬೆಳ್ಳುಳ್ಳಿ ಒಳ್ಳೆಯದು ಎಂಬ ನಮ್ಮ ಮನೆಯ ನಂಬಿಕೆ ಇಲ್ಲಿ ಪೂರ್ತಿ ತಲೆಕೆಳಗು.

ಬರೀ ಚಿಕನ್ ಹಾಕಿದರೆ ಆಯಿತಲ್ಲ ಎನ್ನುವವರಿಗೂ ಒಂದು ಮಾತು. ಎಲುಬಿಲ್ಲದ ಮಾಂಸದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಬಹಳ ಕಡಿಮೆ. ಕಾಡಿನಲ್ಲಿ ಇಲಿಯನ್ನು ಎಲುಬಿನ ಸಮೇತ ನುಂಗುವ ಪ್ರಾಣಿ ಇದು, ಕ್ಯಾಲ್ಸಿಯಂ ಅದರಲ್ಲೇ ಬಂದುಬಿಡುತ್ತದೆ. ವಾರಗಟ್ಟಲೆ ಬರೀ ಮಾಂಸ ಹಾಕಿದರೆ ಮರಿಗಳಿಗೆ ಹೋಗುವ ಕ್ಯಾಲ್ಸಿಯಂ ತಾಯಿಯ ಮೈಯಿಂದಲೇ ಹೋಗುತ್ತದೆ. ಅದಕ್ಕೇ ಮಾಂಸ ಹಾಕುವವರೂ ಅರ್ಧ ಊಟವನ್ನಾದರೂ ಕಿಟನ್ ಆಹಾರದಿಂದ ಹಾಕುವುದು ಒಳ್ಳೆಯದು.

ನೀರಿನ ಮಾತು ಮರೆಯಬಾರದು. ಹಾಲಿನಲ್ಲಿ ಬಹುಪಾಲು ನೀರೇ. ನಳ ವಾರಕ್ಕೊಮ್ಮೆ ಬರುವ ಓಣಿಗಳಲ್ಲಿ ಡ್ರಮ್ಮಿನ ತಳದ ನೀರು ಬೆಕ್ಕಿಗೆ ಎಂದು ಆಗಿಬಿಡುತ್ತದೆ, ಹಾಗೆ ಮಾಡಬೇಡಿ. ನೀವು ಕುಡಿಯುವ ನೀರನ್ನೇ ಅಗಲ ಬಟ್ಟಲಲ್ಲಿ, ಊಟದ ತಾಟಿನಿಂದ ಸ್ವಲ್ಪ ದೂರ, ಆದರೆ ಮರಿಗಳ ಡಬ್ಬಕ್ಕೆ ಹತ್ತಿರ ಇಡಿ. ಹೆರಿಗೆಯಾದ ದಿನ ಊಟ ಬೇಡ ಅನ್ನಬಹುದು, ಮಾಸು ತಿಂದಿರುತ್ತದಲ್ಲ. ಒಂದು ದಿನ ಕಳೆದರೂ ಏನೂ ಮುಟ್ಟದಿದ್ದರೆ ಏನೋ ಸರಿಯಿಲ್ಲ.

ಇಲ್ಲಿಂದ ಕಣ್ಣಿಡುವ ಕೆಲಸ ಶುರು. ಮುಖ್ಯವಾಗಿ ಮೂರು ಕಾಯಿಲೆ. ಹೈನು ಮಾಡುವ ಮನೆಯವರಿಗೆ ಮೂರೂ ಪರಿಚಯದವೇ.

ಮೊದಲನೆಯದು ಹಾಲು ಜ್ವರ. ಹೆಸರಲ್ಲಿ ಜ್ವರ ಇದ್ದರೂ ಇದು ಸೋಂಕಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ದಿಢೀರನೆ ಇಳಿಯುವುದು. ಆಕಳು, ಎಮ್ಮೆಗೆ ಇದು ಕರು ಹಾಕಿದ ಒಂದೆರಡು ದಿನದಲ್ಲೇ ಬರುವುದು ಜಾಸ್ತಿ. ದನ ಸೊರಗಿ, ಕುತ್ತಿಗೆ ಹೊರಳಿಸಿ ಮಲಗಿಬಿಡುತ್ತದೆ, ಕಿವಿ ತಣ್ಣಗಾಗಿರುತ್ತದೆ. ಬೆಕ್ಕಿಗೆ ಸಾಮಾನ್ಯವಾಗಿ ಬರುವುದು ಹಾಲೂಡಿಸುವ ಮೊದಲ ನಾಲ್ಕು ವಾರಗಳಲ್ಲಿ, ಅದೂ ಮರಿ ಜಾಸ್ತಿ ಇದ್ದಾಗ. ಮತ್ತು ಲಕ್ಷಣ ಬಹುತೇಕ ಉಲ್ಟಾ. ಬೆಕ್ಕು ಚಡಪಡಿಸುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ, ಮರಿಗಳನ್ನು ಬಿಟ್ಟು ಸುಮ್ನೆ ಓಡಾಡುತ್ತದೆ, ಕಾಲು ಬಿಗಿದು ಮರದ ಕಾಲಿನಂತೆ ನಡೆಯುತ್ತದೆ, ಸ್ನಾಯು ನಡುಗುತ್ತದೆ, ಕೊನೆಗೆ ಫಿಟ್ಸ್. ನಡುಗಿ ನಡುಗಿ ಮೈ ಕಾದುಬಿಡುತ್ತದೆ. ಕೆಲವು ಬೆಕ್ಕು ನಡುಗದೆ ಬರೀ ಸೊರಗಿ ಬೀಳುವುದೂ ಉಂಟು.

ಇದು ಬೆಳಗ್ಗೆ ನೋಡೋಣ ಎನ್ನುವ ಕಾಯಿಲೆ ಅಲ್ಲ. ಗಂಟೆಗಳಲ್ಲಿ ಜೀವ ಹೋಗಬಹುದು. ಡಾಕ್ಟರು ಕ್ಯಾಲ್ಸಿಯಂ ಗ್ಲುಕೋನೇಟನ್ನು ರಕ್ತನಾಳಕ್ಕೆ ನಿಧಾನವಾಗಿ, ಎದೆಬಡಿತ ನೋಡುತ್ತಾ ಕೊಡುತ್ತಾರೆ. ಬೇಗ ಕೊಟ್ಟರೆ ಹೃದಯ ನಿಲ್ಲುವ ಅಪಾಯ ಇರುವುದರಿಂದ ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಸರಿಯಾದ ಸಮಯಕ್ಕೆ ಕೊಟ್ಟರೆ ನೋಡನೋಡುತ್ತಿದ್ದಂತೆ ಬೆಕ್ಕು ಚೇತರಿಸಿಕೊಳ್ಳುತ್ತದೆ. ಆಮೇಲೆ ಕನಿಷ್ಠ ಒಂದು ದಿನ ಮರಿಗಳನ್ನು ಮೊಲೆಯಿಂದ ದೂರ ಇಟ್ಟು, ಮರಿ ಬೆಕ್ಕಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ ಕುಡಿಸಬೇಕಾಗುತ್ತದೆ.

ಹಾಗಾದರೆ ಗರ್ಭ ಇದ್ದಾಗಲೇ ಕ್ಯಾಲ್ಸಿಯಂ ಸಿರಪ್ ಹಾಕಿಬಿಟ್ಟರೆ? ಬೇಡ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಎಲುಬಿನಿಂದ ತೆಗೆದುಕೊಡಲು ಕುತ್ತಿಗೆಯಲ್ಲಿ ಪುಟ್ಟ ಗ್ರಂಥಿಗಳಿವೆ. ಹೊರಗಿನಿಂದ ಸುರಿಯುತ್ತಲೇ ಇದ್ದರೆ ಅವು ಕೆಲಸ ಮರೆಯುತ್ತವೆ, ಹೆರಿಗೆಯಾಗಿ ಹಾಲು ಇಳಿದು ಒಮ್ಮೆಲೇ ಕ್ಯಾಲ್ಸಿಯಂ ಬೇಕಾದಾಗ ಏಳುವುದಿಲ್ಲ. ಕಾಳಜಿಯಿಂದ ಹಾಕಿದ ಸಿರಪ್ಪೇ ಕಾಯಿಲೆಗೆ ದಾರಿ ಮಾಡಿಕೊಡುತ್ತದೆ.

ಎರಡನೆಯದು ಕೆಚ್ಚಲು ಬಾವು. ಬೆಕ್ಕಿಗೆ ಸಾಮಾನ್ಯವಾಗಿ ಎಂಟು ಮೊಲೆ. ಮರಿಗಳ ಉಗುರು ಗೀರಿ, ಅಥವಾ ಮರಿ ಸತ್ತು ಹಾಲು ಕಟ್ಟಿಕೊಂಡು, ಅಥವಾ ಮಲಗುವ ಬಟ್ಟೆ ಗಲೀಜಾಗಿ ಸೋಂಕು ತಗಲುತ್ತದೆ. ಮೊಲೆಯ ಒಂದು ಭಾಗ ಗಟ್ಟಿಯಾಗಿ, ಕೆಂಪಾಗಿ, ಬಿಸಿಯಾಗುತ್ತದೆ, ಮುಟ್ಟಿದರೆ ಬೆಕ್ಕು ಗುರ್ ಎನ್ನುತ್ತದೆ. ಹಾಲು ಹಳದಿ, ಇಲ್ಲವೇ ರಕ್ತ ಬೆರೆತು ಬರುತ್ತದೆ. ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ ಒಳಗಿನ ಮಾಂಸ ಸಾಯುತ್ತಿದೆ ಎಂದು ಅರ್ಥ. ಬರೀ ಹಾಲು ಕಟ್ಟಿಕೊಂಡಿದ್ದು, ಬೆಕ್ಕು ಚುರುಕಾಗಿ ಊಟ ಮಾಡುತ್ತಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟು ನೋಡಬಹುದು. ಕೆಂಪು, ನೋವು, ಮಂಕು ಮೂರೂ ಸೇರಿದರೆ ಔಷಧಿ ಬೇಕು. ಆ ಔಷಧಿ ಹಾಲಿನ ಮೂಲಕ ಮರಿಗೂ ಹೋಗುವುದರಿಂದ ಯಾವುದನ್ನು ಕೊಡಬೇಕು ಎಂಬುದನ್ನು ಡಾಕ್ಟರೇ ಹೇಳಬೇಕು. ಆಕಳ ಕೆಚ್ಚಲಿಗೆ ತಂದಿಟ್ಟ ಮುಲಾಮು, ಉಳಿದ ಮಾತ್ರೆ ಯಾವುದೂ ಬೇಡ.

ಇದನ್ನು ಬೇಗ ಹಿಡಿಯಲು ಒಳ್ಳೆಯ ಸಾಧನ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ. ಮರಿ ಹುಟ್ಟಿದಾಗ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಎರಡು ವಾರದೊಳಗೆ ದುಪ್ಪಟ್ಟಾಗಬೇಕು. ದಿನಾ ಒಂದೇ ಹೊತ್ತಿಗೆ, ತಾಯಿ ಊಟಕ್ಕೆ ಹೋದಾಗ, ಬೇಗ ಬೇಗ ತೂಗಿ ಬರೆದಿಡಿ. ಒಂದು ಮರಿ ಏರದಿದ್ದರೆ ತೊಂದರೆ ಮರಿಯದ್ದಿರಬಹುದು. ಎಲ್ಲವೂ ನಿಂತರೆ ತಾಯಿಯ ಹೊಟ್ಟೆಗೋ ಮೊಲೆಗೋ ಏನೋ ಆಗಿದೆ. ಹೊಟ್ಟೆ ತುಂಬಿದ ಮರಿಗಳು ಮಲಗಿರುತ್ತವೆ, ಸದಾ ಚೀರುತ್ತಿದ್ದರೆ ಹಾಲು ಸಾಲುತ್ತಿಲ್ಲ.

ಮೂರನೆಯದು ಗರ್ಭಕೋಶದ ಸೋಂಕು. ಹೆರಿಗೆಯ ನಂತರ ಎರಡು ಮೂರು ವಾರ ಕೆಂಪು ಬೆರೆತ ಕಂದು ಬಣ್ಣದ ಸ್ರಾವ ಸ್ವಲ್ಪ ಸ್ವಲ್ಪ ಇರುವುದು ಸಹಜ. ಬೆಕ್ಕು ನೆಕ್ಕಿಕೊಳ್ಳುವುದರಿಂದ ಎಷ್ಟೋ ಸಲ ನಮಗೆ ಕಾಣುವುದೇ ಇಲ್ಲ. ನಾರುವ, ಕೀವಿನಂಥ, ಹಸಿರು ಹಳದಿ ಸ್ರಾವ ಸಹಜ ಅಲ್ಲ. ತಾಜಾ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ ಅದೂ ಅಲ್ಲ. ಜೊತೆಗೆ ಜ್ವರ, ಊಟ ಬಿಡುವುದು, ಮರಿಗಳ ಕಡೆ ತಿರುಗಿಯೂ ನೋಡದಿರುವುದು. ಮರಿಗಳನ್ನು ದೂರ ಮಾಡುವ ತಾಯಿಯನ್ನು ಕಲ್ಲು ಮನಸ್ಸಿನದು ಎಂದು ಬಯ್ಯುವವರಿದ್ದಾರೆ. ಬಹಳ ಸಲ ಅದು ಕಾಯಿಲೆಯ ಮೊದಲ ಗುರುತು.

ಬೆಕ್ಕಿನ ಸಹಜ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರ ಅನ್ನುವಷ್ಟು ಇದ್ದರೂ ಅದಕ್ಕೆ ಮಾಮೂಲಿ, ಆದ್ದರಿಂದ ಕೈ ಮುಟ್ಟಿ ನೋಡಿ ನಿರ್ಧರಿಸಲು ಆಗುವುದಿಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದಲ್ಲಿ ಇಟ್ಟು ನೋಡಬೇಕು, ಒಬ್ಬರು ಹಿಡಿದುಕೊಳ್ಳಬೇಕು. ಬೆಕ್ಕು ಬಿಡದಿದ್ದರೆ ಜಗಳ ಬೇಡ. 103 ದಾಟಿ, ಬೆಕ್ಕೂ ಮಂಕಾಗಿದ್ದರೆ ಡಾಕ್ಟರಿಗೆ ತೋರಿಸಿ. ಜ್ವರ ಎಂದು ಡೋಲೋ, ಕ್ರೋಸಿನ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಅವೆರಡೂ ಪ್ಯಾರಾಸಿಟಮಾಲ್. ಅದು ಬೆಕ್ಕಿನ ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ, ಒಂದೇ ಮಾತ್ರೆ ಕೊಲ್ಲಬಲ್ಲದು. ಮಕ್ಕಳ ಸಿರಪ್ ಕೂಡ ಅದೇ.

ಡಾಕ್ಟರು ಅಂದೆ, ಸಿಗುವುದು ಎಲ್ಲಿ? ಹುಬ್ಬಳ್ಳಿ-ಧಾರವಾಡದಲ್ಲಿ ನಾಯಿ ಬೆಕ್ಕು ನೋಡುವ ಖಾಸಗಿ ಕ್ಲಿನಿಕ್‌ಗಳಿವೆ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, ಅಲ್ಲಿಯ ಡಾಕ್ಟರ ಕೈ ಹೆಚ್ಚಾಗಿ ಆಕಳು, ಎಮ್ಮೆ, ಕುರಿಯ ಮೇಲೆ ಪಳಗಿರುತ್ತದೆ, ಆದರೂ ಮೇಲಿನ ಮೂರೂ ಕಾಯಿಲೆ ಅವರಿಗೆ ಹೊಸವಲ್ಲ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ, ಅಂದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಗಾಡಿಯ ವಿಚಾರ ತಿಳಿಯುತ್ತದೆ. ಹೆರಿಗೆಗೆ ಮುಂಚೆಯೇ ಒಬ್ಬ ಡಾಕ್ಟರ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ, ರವಿವಾರ ರಾತ್ರಿ ಹುಡುಕುವ ಪಾಡು ಬೇಡ. ಒಯ್ಯುವಾಗ ಗಾಳಿಯಾಡುವ ಮುಚ್ಚಳದ ಬುಟ್ಟಿ ಸಾಕು, ಮರಿಗಳನ್ನೂ ಜೊತೆಗೆ ಒಯ್ಯಿರಿ. ಮರಿ ಹಾಕಿದ ದಿನ, ಎಷ್ಟು ಮರಿ, ಏನು ತಿನ್ನುತ್ತದೆ, ಸ್ರಾವದ ಬಣ್ಣ, ಮರಿಗಳ ತೂಕ ಇಷ್ಟು ಹೇಳಿದರೆ ಡಾಕ್ಟರ ಅರ್ಧ ಕೆಲಸ ಸುಲಭ.

ಹುಳದ ಔಷಧಿಯನ್ನು ಹಲವರು ಮರೆಯುತ್ತಾರೆ. ಬೆಕ್ಕಿನ ದುಂಡುಹುಳದ ಮರಿಗಳು ಮೊಲೆಹಾಲಿನ ಮೂಲಕ ನೇರವಾಗಿ ಮರಿಗಳಿಗೆ ದಾಟುತ್ತವೆ. ಹೊಟ್ಟೆ ಗುಡಾಣ, ಕಾಲು ಕಡ್ಡಿಯಾದ ಮರಿಗಳಿಗೆ ಬಹಳ ಸಲ ಕಾರಣ ಇದೇ. ಮರಿಗಳಿಗೆ ಮೂರು ವಾರ ಆದಾಗ ತಾಯಿಗೂ ಮರಿಗಳಿಗೂ ಒಟ್ಟಿಗೆ, ತೂಕ ನೋಡಿ ಔಷಧಿ ಕೊಡಿಸಿ. ಚಿಗಟಕ್ಕೆ ಬಾಚಣಿಗೆಯೇ ಸದ್ಯಕ್ಕೆ ಸಾಕು. ನಾಯಿಗೆ ತಂದ ಉಣ್ಣೆ ಔಷಧಿ ಬೆಕ್ಕಿಗೆ ಹಚ್ಚಬೇಡಿ, ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕು ನಡುಗಿ ಸಾಯುತ್ತದೆ.

ಬಾಣಂತಿ ಬೆಕ್ಕು ಸಿಟ್ಟಿನದು. ಸಾಧು ಬೆಕ್ಕೂ ಈ ದಿನಗಳಲ್ಲಿ ಪರಚುತ್ತದೆ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಅರಿಶಿನ ಒತ್ತಿ ಸುಮ್ಮನಾಗಬೇಡಿ.

ಹಿತ್ತಲಿನಲ್ಲಿ ಮರಿ ಹಾಕಿದ ಬೀದಿ ಬೆಕ್ಕಾದರೆ ಮುಟ್ಟುವುದು, ತೂಗುವುದು ಎಲ್ಲಾ ಆಗದ ಮಾತು. ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಊಟ, ನೀರು ಇಟ್ಟು ಹಿಂದೆ ಸರಿಯಿರಿ. ಊಟಕ್ಕೆ ಬರುವಾಗ ಅದರ ನಡಿಗೆ, ಮೊಲೆ, ಹಿಂಭಾಗ ದೂರದಿಂದಲೇ ಕಾಣುತ್ತದೆ.

ನಾಲ್ಕನೇ ವಾರದಿಂದ ಮರಿಗಳು ತಾಯಿಯ ತಾಟಿಗೇ ಬಾಯಿ ಹಾಕುತ್ತವೆ. ಒಣ ಆಹಾರವನ್ನು ಬಿಸಿನೀರಲ್ಲಿ ನೆನೆಸಿ, ಆರಿಸಿ ಮೆತ್ತಗೆ ಮಾಡಿ ಇಡಿ. ಎಂಟನೇ ವಾರದ ಹೊತ್ತಿಗೆ ಹಾಲು ಬಿಡುತ್ತವೆ, ತಾಯಿಯೇ ಅವನ್ನು ಒದ್ದು ಓಡಿಸಲು ಶುರು ಮಾಡುತ್ತದೆ. ಆಗ ತಾಯಿಯ ಊಟವನ್ನೂ ಮೆಲ್ಲಗೆ ಇಳಿಸಿದರೆ ಹಾಲು ಬತ್ತುತ್ತದೆ, ಮೊಲೆ ಕಟ್ಟಿಕೊಳ್ಳುವುದಿಲ್ಲ. ಈ ದಿನಗಳಲ್ಲಿ ಕೂದಲು ಉದುರಿ ಬೆಕ್ಕು ಬಡಕಲಾಗಿ ಕಾಣುತ್ತದೆ, ಒಂದೆರಡು ತಿಂಗಳಲ್ಲಿ ಮೊದಲಿನಂತಾಗುತ್ತದೆ.

ಆಗುವುದಕ್ಕೆ ಬಿಟ್ಟರೆ. ಹಾಲೂಡಿಸುವಾಗ ಬೆಕ್ಕು ಮತ್ತೆ ಗರ್ಭ ಕಟ್ಟುವುದಿಲ್ಲ ಎಂದು ನಂಬಿದವರು ಬಹಳ. ಅದು ಸುಳ್ಳು. ಮರಿಗಳು ಇನ್ನೂ ಚೀಪುತ್ತಿರುವಾಗಲೇ ಬೆದೆಗೆ ಬರಬಹುದು, ಕೆಲವು ಬೆಕ್ಕು ಹೆರಿಗೆಯಾದ ಕೆಲವೇ ವಾರಗಳಲ್ಲಿ. ಮೈ ಸುಧಾರಿಸುವ ಮೊದಲೇ ಇನ್ನೊಂದು ಬಸಿರು, ಮತ್ತೆ ಎರಡು ತಿಂಗಳಿಗೆ ಇನ್ನೊಂದು ಬಾಣಂತನ. ಓಣಿಯ ಬೆಕ್ಕುಗಳು ಬೇಗ ಮುದಿಯಾದಂತೆ ಕಾಣುವುದು ಇದರಿಂದಲೇ. ಮರಿಗಳು ಹಾಲು ಬಿಟ್ಟು ಎರಡು ವಾರ ಆಗಿ ಮೊಲೆ ಬತ್ತಿದ ಮೇಲೆ ಆಪರೇಷನ್ ಮಾಡಿಸಿ. ಅಲ್ಲಿಯವರೆಗೆ ತಾಯಿಯನ್ನು ರಾತ್ರಿ ಒಳಗೇ ಇಟ್ಟುಕೊಳ್ಳಿ, ಕಿಟಕಿ ಮುಚ್ಚಿ, ಗಂಡು ಬೆಕ್ಕು ಎಷ್ಟೇ ಕೂಗಿದರೂ. ಆಪರೇಷನ್ ಆದ ಮೇಲೆ ದೊಡ್ಡ ಮರಿಗಳು ಹಳೆಯ ಚಾಳಿಯಿಂದ ಹೊಟ್ಟೆಗೆ ಬಾಯಿ ಹಾಕಿ ಹೊಲಿಗೆ ಎಳೆಯುತ್ತವೆ, ಹತ್ತು ದಿನ ಅವನ್ನು ಬೇರೆ ಕೋಣೆಯಲ್ಲಿ ಮಲಗಿಸಿ.